ಕಿಟಕಿ ಪಕ್ಕದ ಹೆಂಗಸು ಅಳುತ್ತಿದ್ದಳು

ಮನೆ, ಕೆಳಗಿನ ಹಾಲ್
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ನಿನಗೆ,

ಹೇಗಿದ್ದೀಯ? ಕತ್ತುನೋವು ಕಡಿಮೆಯಾಯಿತಾ? ಕತ್ತಲ ಕೋಣೆಯಲ್ಲಿ ಮಾನಿಟರ್ ಮುಂದೆ ದಿನವಿಡೀ ಕತ್ತು ಚಾಚಿ ಕೂರುವವನಿಗೆ ನೋವು ಬಾರದೆ ಇನ್ನೇನು ಬರುತ್ತದೆ? ನಡುನಡುವೆ ಎದ್ದು ಕಾರಿಡಾರಿನಲ್ಲಿ ನಾಲ್ಕು ಹೆಜ್ಜೆ ಓಡಾಡು. ಊಟದ ಡಬ್ಬಿ ತಣ್ಣಗಾಗಿ ಕಲ್ಲಾಗುವ ತನಕ ಕಾಯಬೇಡ. ಅತ್ತೆ ಎದುರಿಗೆ ‘ನೀವು’, ಕಾಗದದಲ್ಲಿ ‘ನೀನು’ ಎಂದು ಮದುವೆಯಾದ ಹೊಸದರಲ್ಲಿ ನಾವು ಮಾಡಿಕೊಂಡ ಏರ್ಪಾಡು ನೆನಪಿದೆಯಾ? ಫೋನ್ ಬಂದಾಗಲೆಲ್ಲ ಅತ್ತೆ ಪಕ್ಕದಲ್ಲೇ ಇರುತ್ತಾರೆ. ಹಾಗಾಗಿ ನೀನು ಹೋದ ಎಂಟು ತಿಂಗಳಿಂದ ಬರೀ ನೀವು, ನೀವು. ಒಂದು ‘ನೀನು’ ಅನ್ನುವುದಕ್ಕೆ ಕಾಗದ ಹುಡುಕಬೇಕಾಯಿತು ನೋಡು.

ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಯ ಮಂಡಿ ಬೆಳಿಗ್ಗೆ ಹಟ ಮಾಡುತ್ತದೆ, ಸಂಜೆಗೆ ಒಪ್ಪಿಕೊಳ್ಳುತ್ತದೆ. ಎದುರುಮನೆಗೆ ಬಂದ ಹೊಸಬರು ಮಗ ಏನು ಕೆಲಸದಲ್ಲಿದ್ದಾನೆ ಎಂದು ಕೇಳಿದರೆ, “ಸಿನಿಮಾಕ್ಕೆ ಬಣ್ಣ ಹೊಡೀತಾನೆ” ಎಂದುಬಿಟ್ಟಿದ್ದಾರೆ. ಅವರು ತಮ್ಮ ಗೇಟಿಗೂ ಒಂದು ಕೈ ಹೊಡೆಸಬಹುದಾ ಎಂದು ವಿಚಾರಿಸಿ ಹೋದರು. ಮುಗಿದ ಚಿತ್ರದ ಒಂದೊಂದು ಶಾಟನ್ನೂ ಮುಂದಿಟ್ಟುಕೊಂಡು ಅದರ ಬೆಳಕು ಬಣ್ಣ ಹದಗೊಳಿಸುವವನು ಎಂದು ನಾನು ಬಿಡಿಸಿ ಹೇಳಿದೆ. ಅವರ ಮುಖ ನೋಡಿದರೆ ಗೇಟಿನ ಆಸೆ ಇನ್ನೂ ಬಿಟ್ಟಹಾಗೆ ಕಾಣಲಿಲ್ಲ.

ಮಹಡಿಯ ಮೇಲಿನ ನಿನ್ನ ತಮ್ಮ ಕೋಣೆಯ ನಾಲ್ಕೂ ಗೋಡೆಗೆ ಕಪ್ಪು ಬಟ್ಟೆ ಹೊದಿಸಿದ್ದಾನೆ. ಈಗ ಅಲ್ಲಿ ಹಗಲಿಗೂ ಜಾಗವಿಲ್ಲ. ಶನಿವಾರ ಸಂಜೆ ಹೋಮ್ ಥಿಯೇಟರ್ ಹುಚ್ಚಿನ ಗೆಳೆಯರು ಚಪ್ಪಲಿಗಳ ರಾಶಿ ಬಿಟ್ಟು ಮೇಲೇರುತ್ತಾರೆ. ಆಮೇಲೆ ಚಿತ್ರಕ್ಕಿಂತ ಜಗಳದ ಸದ್ದೇ ಹೆಚ್ಚು. ಚಿತ್ರದ ಬೆಳಕನ್ನು ಟಿವಿಗೆ ತಿಳಿಸುವ ಎರಡು ಪದ್ಧತಿಗಳಲ್ಲಿ ಕೆಳಗಿನ ಟಿವಿ ನಿನ್ನ ಡಾಲ್ಬಿ ವಿಷನ್ ಪಕ್ಷ, ಮೇಲಿನದು ಅವನ ಎಚ್‌ಡಿಆರ್ ಟೆನ್ ಪ್ಲಸ್ ಪಕ್ಷ. “ಅಣ್ಣನದು ದರ್ಜಿ ಕೈಯಲ್ಲಿ ಹೊಲಿಸಿದ ಅಂಗಿ ಅತ್ತಿಗೆ, ದರ್ಜಿ ನಿದ್ದೆಗೆಟ್ಟಿದ್ದರೆ ತೋಳು ಉದ್ದ. ನಮ್ಮದರಲ್ಲಿ ಯಂತ್ರ ಅಳೆಯುತ್ತೆ, ಅದಕ್ಕೆ ನಿದ್ದೆಯೇ ಇಲ್ಲ” ಎನ್ನುತ್ತಾನೆ. ನನಗೆ ತಿಳಿದಮಟ್ಟಿಗೆ, ಹಿಂದೆ ಇಡೀ ಚಿತ್ರಕ್ಕೆ ಒಂದೇ ಅಳತೆ ಹೇಳಿ ಟಿವಿಯನ್ನು ಅದರ ಪಾಡಿಗೆ ಬಿಡುತ್ತಿದ್ದರು. ಈಗ ನಿಮ್ಮಿಬ್ಬರ ಪಕ್ಷಗಳೂ ದೃಶ್ಯ ದೃಶ್ಯಕ್ಕೂ ಅದರ ಕಿವಿಯಲ್ಲಿ ಪಿಸುಗುಡುತ್ತವೆ: ಇಲ್ಲಿ ಕತ್ತಲು ಉಳಿಸು, ಇಲ್ಲಿ ಬೆಳಕು ತಗ್ಗಿಸು. ಕವಿತೆಯನ್ನು ಒಂದೇ ದನಿಯಲ್ಲಿ ಓದಿ ಮುಗಿಸುವವರುಂಟು, ಸಾಲು ಸಾಲಿಗೂ ಉಸಿರು ಬದಲಿಸುವವರುಂಟು. ಇಷ್ಟರಮಟ್ಟಿಗೆ ನನಗೆ ಅರ್ಥವಾಗುತ್ತದೆ. ಇಬ್ಬರೂ ಉಸಿರು ಬದಲಿಸುವವರೇ ಆದಮೇಲೆ ಅಣ್ಣತಮ್ಮಂದಿರು ಯಾಕೆ ಕಚ್ಚಾಡಬೇಕು ಎನ್ನುವುದು ಮಾತ್ರ ತಿಳಿಯುವುದಿಲ್ಲ.

ಆದರೆ ನಾನೂ ನಿಷ್ಪಕ್ಷಪಾತಿಯೇನಲ್ಲ. ಕೆಳಗಿನ ಟಿವಿಯಲ್ಲಿ ನಿನ್ನ ಕೈ ಇದೆ. ಚಿತ್ರದಲ್ಲಿ ಬಾಗಿಲ ಸಂದಿಯ ಬೆಳಕು ತುಸುವೇ ತಗ್ಗಿದರೆ ಸಾಕು, ನಾನು ಓದುತ್ತ ನಿದ್ದೆಹೋದಾಗ ನನ್ನ ಕಡೆಯ ದೀಪಕ್ಕೆ ಟವೆಲ್ ಹೊದಿಸುತ್ತಿದ್ದವನು ನೆನಪಾಗುತ್ತಾನೆ. ಕಥೆ ಎತ್ತಲೋ ಹೋಗುತ್ತಿರುತ್ತದೆ, ನಾನು ಆ ಬೆಳಕನ್ನೇ ನೋಡುತ್ತ ಕೂತಿರುತ್ತೇನೆ. ನೀನು ಕಳಿಸುವ ಚಿತ್ರದ ತುಣುಕುಗಳನ್ನು ಶನಿವಾರ ಕೆಳಗೊಮ್ಮೆ ನೋಡಿ, ಮೆಟ್ಟಿಲು ಹತ್ತಿ ಮೇಲೊಮ್ಮೆ ನೋಡಿ, ನಿನ್ನ ಫೋನಿಗೆ ಕಾಯುವುದು ನನ್ನ ವಾರದ ಹಬ್ಬವಾಗಿಬಿಟ್ಟಿದೆ. “ಸ್ಟುಡಿಯೋ ಮಾನಿಟರ್‌ನಲ್ಲಿ ಎಲ್ಲವೂ ಚೆಂದವೇ. ಮನೆಯಲ್ಲಿ ಕೂತು ನೋಡೋರ ಕಣ್ಣು ನೀನು” ಎಂದು ಹೊರಡುವಾಗ ಹೇಳಿದ್ದೆಯಲ್ಲ, ಆ ಮಾತನ್ನು ಒಡವೆಯ ಹಾಗೆ ಇಟ್ಟುಕೊಂಡಿದ್ದೇನೆ.

ಈಗ ಆ ಕಣ್ಣಿನ ವಿಷಯ. ಮುಸ್ಸಂಜೆಯಲ್ಲಿ ಕಿಟಕಿ ಪಕ್ಕ ಕೂತು ಬಟಾಣಿ ಬಿಡಿಸುವ ಹೆಂಗಸಿನ ದೃಶ್ಯವನ್ನು ನೀನು ಮೊದಲು ಕಳಿಸಿದಾಗ, ಮುಖವೇ ಕಾಣುವುದಿಲ್ಲ, ಬರೀ ಕತ್ತಲು ಎಂದೆ. ನೀನು ಬೆಳಕು ಏರಿಸಿದೆ. ಇನ್ನೂ ಇಲ್ಲ ಎಂದೆ. ಮತ್ತೆ ಏರಿಸಿದೆ. ಡೈರೆಕ್ಟರ್ ಕೂಗಾಡಿದರೂ “ನನ್ನ ಹೆಂಡತಿ ಕಣ್ಣನ್ನ ನಾನು ನಂಬ್ತೀನಿ” ಎಂದು ಅವರ ಜೊತೆ ಜಗಳಕ್ಕೆ ನಿಂತೆಯಂತೆ. ಅದನ್ನು ಕೇಳಿ ಆ ದಿನವೆಲ್ಲ ನೆಲದ ಮೇಲೆ ನನ್ನ ಕಾಲಿರಲಿಲ್ಲ. “ಮೊದಲನೇದರಲ್ಲೇ ಮುಖ ಕಾಣ್ತಿತ್ತಲ್ಲ ಅತ್ತಿಗೆ, ಓಲೆ ಕೂಡ” ಎಂದು ನಿನ್ನ ತಮ್ಮ ಅಂದದ್ದನ್ನು, ಇವನಿಗೆ ಅವನ ಪಕ್ಷದ್ದೇ ಚಿಂತೆ ಎಂದು ತಳ್ಳಿಹಾಕಿದೆ.

ಹೋದ ಸೋಮವಾರ ಹಾಲ್‌ನಲ್ಲಿ ಕೂತು ಆ ಮೊದಲಿನ ತುಣುಕನ್ನು ಮತ್ತೆ ಹಾಕಿದ್ದೆ. ಅತ್ತೆ ಮಾತ್ರೆ ನುಂಗಲು ಬಂದವರು ನೀರಿನ ಲೋಟ ಹಿಡಿದು ಹಾಗೇ ನಿಂತರು. “ಅಯ್ಯೋ ಪಾಪ, ಅಳ್ತಿದಾಳಲ್ಲೇ” ಎಂದರು. ಯಾರು ಎಂದೆ. “ಇವಳೇ ಕಣೇ, ಬಟಾಣಿಯವಳು. ಕೆನ್ನೆ ಮೇಲೆ ನೀರು ಇಳೀತಿದೆ ನೋಡು.” ನಾನು ಟಿವಿಯ ಹತ್ತಿರಕ್ಕೇ ಹೋದೆ. ಕಂದು ಕತ್ತಲು, ಅದರೊಳಗೊಂದು ತಲೆಯ ಆಕಾರ, ಅಷ್ಟೆ. “ಎಂ.ಎ. ಮಾಡಿದೀಯ, ಎದುರಿಗಿರೋ ಕಣ್ಣೀರು ಕಾಣಲ್ವಾ ನಿಂಗೆ?” ಎಂದು ನಕ್ಕರು. ಎರಡು ವರ್ಷದ ಹಿಂದೆ ಅವರ ಕಣ್ಣಿನ ಪೊರೆ ತೆಗೆಸಿದ್ದು ನೀನೇ ಅಲ್ಲವಾ? ಆಮೇಲೆ ನಿನ್ನ ಕೊನೆಯ ತುಣುಕು ಹಾಕಿದೆ. ನನಗೆ ಮುಖ ಕಾಣಿಸಿತು. ಅತ್ತೆ ಸ್ವಲ್ಪ ಹೊತ್ತು ನೋಡಿ, “ಈಗ್ಯಾಕೆ ಅಳೋದು ನಿಲ್ಲಿಸಿಬಿಟ್ಟಳು?” ಎಂದರು.

ನಿಲ್ಲಿಸಿದ್ದು ನಾನು. ಬೆಳಕು ಏರಿಸಿ ಏರಿಸಿ ಅವಳ ಕಣ್ಣೀರನ್ನು ನನ್ನ ಮಾತೇ ಮುಳುಗಿಸಿತು.

ಮಾರನೆಯ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದೆ. ಹೆದರಬೇಡ. ನನಗೂ ಪೊರೆಯೇ. ಎರಡೂ ಕಣ್ಣಿಗಿದೆ, ಎಡಗಣ್ಣಿನದು ದಪ್ಪ. “ನಿಮ್ಮ ವಯಸ್ಸಿಗೆ ಸ್ವಲ್ಪ ಬೇಗ, ಆದರೆ ಅಪರೂಪವೇನಲ್ಲ” ಎಂದರು ಆಕೆ. ಕತ್ತಲಲ್ಲಿನ ಸೂಕ್ಷ್ಮಗಳು ಹೀಗೇ ಜಾರಿಹೋಗುತ್ತವಂತೆ. ಬಿಳಿ ಮೆಲ್ಲಗೆ ಹಳದಿಗೆ ತಿರುಗುತ್ತದಂತೆ, ತಿರುಗಿದ್ದು ನಮಗೇ ಗೊತ್ತಾಗದಷ್ಟು ಮೆಲ್ಲಗೆ. ಕವನಸಂಕಲನಗಳ ಅಕ್ಷರ ಮಂಕಾಗಿದೆ ಎಂದು ಪ್ರಕಾಶಕರನ್ನು ಬೈದುಕೊಂಡು, ಓದುವ ದೀಪದ ಬಲ್ಬು ಬದಲಾಯಿಸಿ, ಅಂಗಡಿಯವನನ್ನೂ ಬೈದಿದ್ದೆ.

ನಿನ್ನೆ ಫೋನಿನಲ್ಲಿ ನೀನು “ಏನು ಕಾಣಿಸ್ತು?” ಎಂದಾಗ ಚೆನ್ನಾಗಿದೆ ಎಂದುಬಿಟ್ಟೆ. ಕಣ್ಣು ಹೀಗಾಗಿದೆ ಎಂದರೆ ಇನ್ನು ಮುಂದೆ ನೀನು ಕೇಳುವುದಿಲ್ಲ. ಅದನ್ನು ಕೇಳದಿದ್ದರೆ ಶನಿವಾರಗಳಲ್ಲಿ ನಮ್ಮಿಬ್ಬರಿಗೆ ಬೇರೆ ಮಾತೇನಿದೆ? ಎಷ್ಟೋ ತಿಂಗಳಿಂದ ಯಾರದೋ ಮುಖ ಕಾಣುತ್ತದೆಯೇ ಇಲ್ಲವೇ ಎಂದೇ ಮಾತಾಡಿಕೊಂಡು ಬಂದಿದ್ದೇವೆ. ನಿನ್ನ ಗಡ್ಡ ಎಷ್ಟು ಬೆಳ್ಳಗಾಗಿದೆ ಎಂದು ನನಗೆ ಗೊತ್ತಿಲ್ಲ. ಈ ಭಯಕ್ಕೇ ಒಂದು ವಾರ ಬಾಯಿ ಮುಚ್ಚಿಕೊಂಡೆ. ತಿಂಗಳ ಕೊನೆಗೆ ನೀನು ಚಿತ್ರವನ್ನು ಒಪ್ಪಿಸಬೇಕು, ಆಮೇಲೆ ಅದು ಎಲ್ಲರ ಮನೆಗೂ ಹೋಗುತ್ತದೆ ಎಂಬುದು ನೆನಪಾದ ಮೇಲೆ ತಡೆಯಲಾಗಲಿಲ್ಲ. ಡೈರೆಕ್ಟರ ಹತ್ತಿರ ಹೋಗು. ತಪ್ಪು ನನ್ನ ಹೆಂಡತಿಯ ಕಣ್ಣಿನದು ಎಂದೇ ಹೇಳು, ನನಗೆ ಅವಮಾನವಿಲ್ಲ. ಮೊದಲಿನ ಕತ್ತಲನ್ನು ಇದ್ದಹಾಗೆ ವಾಪಸ್ಸು ಇಡು. ಅವಳನ್ನು ಅಳಲು ಬಿಡು.

ನಿನ್ನ ತಮ್ಮ ಕೆಲಸದ ಮೇಲೆ ನೀನಿರುವ ಊರಿಗೇ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಒಡೆದು ಓದಬಾರದು ಎಂದಿದ್ದೇನೆ. ಓದಿಯೇ ಇರುತ್ತಾನೆ, ಅವನೆದುರು ಪೆಚ್ಚಾಗಬೇಡ. ನಿನ್ನ ತಲೆ ಮೇಲೆ ಕೈಯಿಟ್ಟು ಹರಸಿದ್ದೇನೆ ಎಂದು ಬರೆಯಲು ಅತ್ತೆ ಹೇಳಿದರು. ಎಣ್ಣೆ ಹಚ್ಚಿಕೊಳ್ಳುತ್ತಾನಾ ಎಂದೂ ಕೇಳಿದರು. ಉತ್ತರ ಅವರಿಗೇ ಹೇಳು.

ಇಂತಿ, ಕೆಳಗಿನ ಟಿವಿಯೆದುರು ಕೂತೇ ಇರುವ
ನಿನ್ನವಳು

ಮರೆತ ಮಾತು: ಟ್ಯಾಕ್ಸಿ ಬಂದಿದೆ, “ಅತ್ತಿಗೆ, ಮಹಾಕಾವ್ಯ ಮುಗೀತಾ?” ಎಂದು ನಿನ್ನ ತಮ್ಮ ಗೇಟಿನಿಂದ ಕೂಗುತ್ತಿದ್ದಾನೆ. ಎಡಗಣ್ಣಿನ ಆಪರೇಷನ್ ಮುಂದಿನ ತಿಂಗಳ ಮೊದಲ ವಾರ. ಬಲಗಣ್ಣಿನದು ಇನ್ನೊಂದು ತಿಂಗಳು ಬಿಟ್ಟು. ಅಲ್ಲಿಯತನಕ ಒಂದೇ ಗೋಡೆ ಒಂದು ಕಣ್ಣಿಗೆ ಬೆಳ್ಳಗೆ, ಇನ್ನೊಂದಕ್ಕೆ ಹಳದಿಯಾಗಿ ಕಾಣುತ್ತದಂತೆ. ನಿಮ್ಮಿಬ್ಬರ ಜಗಳ ಪೂರಾ ನನ್ನ ತಲೆಯೊಳಗೇ! ಸ್ಟುಡಿಯೋದವರು ಇನ್ನೂ ಆರು ತಿಂಗಳಿಗೆ ಕೇಳುತ್ತಿದ್ದಾರೆ ಎಂದೆಯಲ್ಲ, ಅದಕ್ಕೆ ನಾನು “ಒಪ್ಪಿಕೊಳ್ಳಿ, ಇಲ್ಲಿ ನಮಗೇನೂ ತೊಂದರೆಯಿಲ್ಲ” ಎಂದೆನಲ್ಲ, ಅದು ಅತ್ತೆ ಪಕ್ಕದಲ್ಲಿ ಕೂತು ಹೇಳಿದ ಮಾತು. ಒಪ್ಪಿಕೊಳ್ಳಬೇಡ. ಆ ಒಂದು ತಿಂಗಳು ನಾನು ಒಂದೊಂದೇ ಕಣ್ಣು ಮುಚ್ಚಿ ನಿನ್ನನ್ನು ನೋಡಬೇಕು. ಬಾ.