ನನ್ನ ಕೂಲಿಯ ಜಾಗದಲ್ಲಿ ಸೊನ್ನೆ ಬರೆಯಲಾರೆ

ಸಾಲ ಮಂಜೂರು ಮಾಡುವ ಮಾನ್ಯ ಅಧಿಕಾರಿಗಳೇ,

ಇವತ್ತು ನನಗೆ ಉಪವಾಸ. ನೀರು ತುಂಬಿ, ಕಸ ಗುಡಿಸಿ, ಲಾಡ್ಜಿನ ನಲವತ್ತು ಹಾಸಿಗೆ ಬಟ್ಟೆ ಒಗೆದು ಹರವಿ, ದೇವರಿಗೆ ದೀಪ ಹಚ್ಚಿ ಬರೆಯಲು ಕೂತಿದ್ದೇನೆ. ಉಪವಾಸದ ದಿನ ಸುಳ್ಳು ಹೇಳಬಾರದು. ಮೊದಲೇ ಒಪ್ಪಿಕೊಳ್ಳುತ್ತೇನೆ, ನನಗೆ ಹೊಟ್ಟೆಕಿಚ್ಚು. ನನ್ನ ಓರಗಿತ್ತಿಗೆ ಕಸೂತಿ ಯಂತ್ರಕ್ಕೆ ಸಾಲ ಕೊಟ್ಟಿರಿ. ನನ್ನ ಬಟ್ಟೆ ಒಗೆಯುವ ಯಂತ್ರಕ್ಕೆ ಇಲ್ಲವೆಂದಿರಿ.

ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಜಪಕ್ಕೆ ಕೂತರೆ ಮಣಿ ಎಣಿಸುವುದು ಬಿಟ್ಟು ಅವಳ ಯಂತ್ರದ ಸದ್ದು ಎಣಿಸುತ್ತೇನೆ. ಮೊನ್ನೆ ಕಟ್ಟೆಯ ಮೇಲೆ ನಿಂತು ಕೇಳಿದಳು, "ಏನಕ್ಕಾ, ಇನ್ನೂ ಕೈಯಲ್ಲೇ ಬಟ್ಟೆ ಕುಕ್ತಿದ್ದೀಯಾ? ಆಫೀಸಲ್ಲಿ ಕೇಳಿದ್ರೆ ಕೊಡ್ತಿದ್ರಲ್ಲ!" ಕೇಳಿದ್ದೆ ಎಂದು ಅವಳಿಗೆ ಗೊತ್ತು.

ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ನೂರಕ್ಕೆ ಹದಿನೈದು ಲಾಭ ಬಂದರೆ ಮಾತ್ರ ಸಾಲ, ಇದು ನಿಮ್ಮ ಗೆರೆ. ಅವಳದು ಇಪ್ಪತ್ತೆರಡು, ನನ್ನದು ಒಂಬತ್ತು. ಯಾಕೆ ಗೊತ್ತೇ? ಅರ್ಜಿಯಲ್ಲಿ 'ಕೂಲಿ ಖರ್ಚು' ಎಂದಿತ್ತು. ಇಡೀ ದಿನ ದುಡಿಯುವವಳು ನಾನು, ನನ್ನ ಕೂಲಿ ಬರೆದೆ, ವರ್ಷಕ್ಕೆ ಅರವತ್ತು ಸಾವಿರ. ಅವಳು ಸೊನ್ನೆ ಬರೆದಳು. ನಿಮ್ಮ ಗುಮಾಸ್ತರು ನನಗೂ ಮೆಲ್ಲಗೆ ಹೇಳಿದರು, "ಸ್ವಂತ ಕೆಲಸ ಅಲ್ವೇನಮ್ಮ, ಸೊನ್ನೆ ಹಾಕಿ, ಪಾಸಾಗುತ್ತೆ."

"ಹಾಗಾದ್ರೆ ಈ ಕೈ ಯಾರದು ಸ್ವಾಮಿ?" ಅಂದೆ. ಅವರು ಫೈಲು ಮುಚ್ಚಿದರು.

ಮಾನ್ಯರೇ, ನಾನು ಏಳನೇ ಇಯತ್ತೆ ಓದಿದವಳು, ಆದರೂ ಲೆಕ್ಕ ಹಾಕಿ ನೋಡಿದೆ. ಎರಡು ಲಕ್ಷದ ನನ್ನ ಯಂತ್ರಕ್ಕೆ ಕೂಲಿ ಬಿಟ್ಟರೆ ನೂರಕ್ಕೆ ಮೂವತ್ತೊಂಬತ್ತು. ಒಂದು ಲಕ್ಷದ ಅವಳ ಯಂತ್ರಕ್ಕೆ ನನ್ನಷ್ಟೇ ಕೂಲಿ ಸೇರಿಸಿದರೆ ಲಾಭವಲ್ಲ, ಮೂವತ್ತೆಂಟು ಸಾವಿರ ನಷ್ಟ! ಹೆಂಗಸಿನ ರಟ್ಟೆಯನ್ನು ಪುಕ್ಕಟೆ ಎಂದುಕೊಂಡರೆ ಯಾವ ಉದ್ಯೋಗ ತಾನೇ ಲಾಭದ್ದಲ್ಲ? ಅವಳು ಬಿಟ್ಟಿ ದುಡಿಯುತ್ತಿದ್ದಾಳೆಂದು ಅವಳಿಗೆ ಯಾರು ಹೇಳಬೇಕು? ನಾನು ಹೇಳಿದರೆ ಉರಿಯಿಂದ ಹೇಳಿದೆ ಎನ್ನುತ್ತಾಳೆ. ಸುಳ್ಳೂ ಅಲ್ಲ.

ಅವಳ ಯಂತ್ರ ಕಿತ್ತುಕೊಳ್ಳಿ ಎನ್ನುತ್ತಿಲ್ಲ. ಹೋದ ವಾರ ದೇವರಲ್ಲಿ ಹಾಗೆ ಬೇಡಿಕೊಂಡಿದ್ದೆ, ಅದೇ ದೇವರ ಮುಂದೆ ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡಿದ್ದೇನೆ. ನನ್ನ ಬೇಡಿಕೆ ಇಷ್ಟೇ. ಅಳೆಯುವುದಾದರೆ ಎಲ್ಲರ ಕೂಲಿ ಹಿಡಿದು ಅಳೆಯಿರಿ, ಇಲ್ಲವೇ ಎಲ್ಲರದೂ ಬಿಟ್ಟು ಅಳೆಯಿರಿ. ಹೇಗೆ ಅಳೆದರೂ ನಾನೇ ಮುಂದೆ. ತಿಂಗಳ ಕೊನೆಗೆ ಯಂತ್ರ ಬರದಿದ್ದರೆ ಲಾಡ್ಜಿನವರು ಬೇರೆಯವರಿಗೆ ಬಟ್ಟೆ ಕೊಡುತ್ತಾರೆ. ಅಷ್ಟರೊಳಗೆ ನನ್ನ ಅರ್ಜಿ ಮತ್ತೆ ನೋಡಿ.

ಇಂತಿ,
ನೂರಕ್ಕೆ ಒಂಬತ್ತರ ಹೆಂಗಸು

ಉತ್ತರವನ್ನು ಅಂಚೆಗೆ ಹಾಕಬೇಡಿ. ಅಂಚೆಯವನು ಇಬ್ಬರ ಕಾಗದವನ್ನೂ ಮೊದಲ ಬಾಗಿಲಿಗೇ ಕೊಡುತ್ತಾನೆ, ಅದು ಅವಳದು. ಓದುಗರೇ, ಈ ಬಹಿರಂಗ ಪತ್ರ ಓದಿದವರು ಯಾರಾದರೂ ಆಫೀಸಿನ ಕಡೆ ಹೋದರೆ ದಯವಿಟ್ಟು ಅವರ ಉತ್ತರ ತಂದುಕೊಡಿ. ನಾನೇ ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ, ಅದಕ್ಕೂ ಅವರು ಸೊನ್ನೆಯನ್ನೇ ಬರೆಯುತ್ತಾರೆ.