ಫ್ರೀಡಾ ಅಜ್ಜಿ ಗೆದ್ದ ದಿನ

ಹವಲ್ಲಿ, ಕುವೈತ್
14 ನವೆಂಬರ್ 2025

ಪ್ರೀತಿಯ ಕುಸುಮಕ್ಕನಿಗೆ,

ನಿನ್ನ ತಂಗಿ ವಾರಿಜಾಳ ನಮಸ್ಕಾರ. ಫೋನಿರುವಾಗ ಇದೆಂಥ ಕಾಗದ ಎಂದು ನಗಬೇಡ. ಫೋನಿನಲ್ಲಿ ನನಗೆ ಮಾತೇ ಹೊರಡುವುದಿಲ್ಲ. ಇಷ್ಟು ತಿಂಗಳು ಸುಮ್ಮನಿದ್ದುದಕ್ಕೆ ಬೇಸರ ಮಾಡಿಕೊಳ್ಳಬೇಡ.

ಇಲ್ಲಿ ಚಳಿ ಶುರುವಾಗಿದೆ. ಇವತ್ತು ಶುಕ್ರವಾರ, ರಜೆ. ಹೋಗುವುದಕ್ಕೆ ಯಾರ ಮನೆಯೂ ಇಲ್ಲ, ಕೋಣೆಯಲ್ಲೇ ಕುಳಿತಿದ್ದೇನೆ.

ನಾನು ನೋಡಿಕೊಳ್ಳುವ ಫ್ರೀಡಾ ಅಜ್ಜಿಗೆ ಈಗ ತೊಂಬತ್ತಮೂರು. ಒಂದು ಕಾಲದಲ್ಲಿ ಇಂಗ್ಲೆಂಡಿನ ಟೆನಿಸ್ ಆಟಗಾರ್ತಿ. ಬೇಕರಿ ನಡೆಸುತ್ತಿದ್ದ ಅಪ್ಪ ಹಿತ್ತಲ ಗೋಡೆಗೆ ಚೆಂಡು ಹೊಡೆಸಿ ಕಲಿಸಿದರಂತೆ. ಆಗೆಲ್ಲ ಆಡಿದರೆ ದುಡ್ಡಿಲ್ಲ; ಇವರು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು, ರಜೆ ಹಾಕಿ, ರ‍್ಯಾಕೆಟ್ ಹಿಡಿದು ಬಸ್ಸಿನಲ್ಲಿ ವಿಂಬಲ್ಡನ್‌ಗೆ ಹೋಗುತ್ತಿದ್ದರು. ಮದುವೆಯಾದ ಮೇಲೆ ಗಂಡನ ಎಣ್ಣೆ ಕಂಪನಿಯ ಕೆಲಸಕ್ಕೆಂದು ಬಂದವರು ಇಲ್ಲೇ ಉಳಿದುಬಿಟ್ಟರು. ಈಗ ಮಗಳು ಮೊಲ್ಲಿಯ ಜೊತೆಗಿದ್ದಾರೆ.

ಮೊನ್ನೆ ಇಂಗ್ಲೆಂಡಿನಿಂದ ಸುದ್ದಿ ಬಂತು. ಅಜ್ಜಿಯ ತಮ್ಮ ತೀರಿಹೋದರಂತೆ. ಅಮ್ಮನಿಗೆ ಹೇಳಬೇಡ, ತಡೆದುಕೊಳ್ಳುವುದಿಲ್ಲ ಎಂದು ಮೊಲ್ಲಿ ಕೆಲಸಕ್ಕೆ ಹೊರಟರು. ಸೂಪ್ ಕುಡಿಸುವಾಗ ಅಜ್ಜಿ ನನ್ನ ಕೈ ಹಿಡಿದು, ಮೊಲ್ಲಿ ಯಾಕೆ ಅತ್ತಿದ್ದಾಳೆ ಎಂದು ಕೇಳಿದರು. ಸುಳ್ಳು ಬಾಯಿಗೆ ಬರಲಿಲ್ಲ ಅಕ್ಕ. ಹೇಳಿಬಿಟ್ಟೆ.

ಅವರು ಅಳಲಿಲ್ಲ. ಸೂಪಿನ ಬಟ್ಟಲು ಪಕ್ಕಕ್ಕೆ ಸರಿಸಿ, ತಾವು ಆಡುತ್ತಿದ್ದ ಕಾಲದ ಕಥೆ ತೆಗೆದರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ವಿಂಬಲ್ಡನ್‌ನಲ್ಲಿ ಅಮೆರಿಕದ ದೊಡ್ಡ ಆಟಗಾರ್ತಿಯೊಬ್ಬಳನ್ನು ಸೋಲಿಸಿದ್ದರಂತೆ. ಅವತ್ತು ಬೆಳಿಗ್ಗೆಯೇ ಅವರ ಅಪ್ಪ ತೀರಿಹೋಗಿದ್ದರು. ಮನೆಯಿಂದ ಕ್ಲಬ್ಬಿಗೆ ಫೋನೂ ಬಂದಿತ್ತು. ಆಟ ಕೆಡುವುದು ಬೇಡ, ಆಮೇಲೆ ಹೇಳಿ ಎಂದವಳು ಅಜ್ಜಿಯ ಸ್ವಂತ ಅಮ್ಮ.

"ನಾನು ಗೆದ್ದೆ ವಾರಿಜಾ, ಎಲ್ಲರಿಗೂ ಕೈ ಬೀಸಿದೆ, ಫೋಟೋಗೆ ನಕ್ಕೆ. ಸುತ್ತ ನಿಂತವರಿಗೆ ಗೊತ್ತಿತ್ತು. ನನಗೊಬ್ಬಳಿಗೆ ಗೊತ್ತಿರಲಿಲ್ಲ."

ಮುಂದಿನ ಪಂದ್ಯ ಬಿಟ್ಟು ಊರಿಗೆ ಹೋದವರು ಮತ್ತೆ ಸ್ಪರ್ಧೆಗೆ ಇಳಿಯಲೇ ಇಲ್ಲ. ಕುವೈತಿಗೆ ಬಂದ ಮೇಲೆ ಅಹ್ಮದಿ ಎಂಬ ಊರಿನಲ್ಲಿ ಕಂಪನಿಯವರ ಮಕ್ಕಳಿಗೆ ಆಟ ಕಲಿಸಿದರು, ಅಷ್ಟೆ.

ಸಂಜೆ ಮೊಲ್ಲಿ ನನ್ನ ಮೇಲೆ ರೇಗಿದರು. ಆಮೇಲೆ, "ಖಲಾಸ್, ಹೇಳಿ ಆಯಿತಲ್ಲ" ಎಂದು ಅಮ್ಮನ ಪಕ್ಕ ಹೋಗಿ ಕುಳಿತರು. ತಾಯಿ ಮಗಳು ಒಟ್ಟಿಗೆ ಅತ್ತರು. ನಾನು ಅಡುಗೆಮನೆಗೆ ಬಂದು ನಲ್ಲಿ ತಿರುಗಿಸಿ ನಿಂತೆ.

ನಿನ್ನ ಮಂಡಿನೋವು ಹೇಗಿದೆ? ಭಾವನಿಗೆ ನಮಸ್ಕಾರ. ಅಮಿತಾಳ ಪರೀಕ್ಷೆ ಚೆನ್ನಾಗಿ ಆಗಲಿ, ದೇವರು ನಿಮ್ಮನ್ನೆಲ್ಲ ಸುಖವಾಗಿಟ್ಟಿರಲಿ.

ನಿನ್ನ
ವಾರಿಜಾ

ತಾ.ಕ.: ನಮ್ಮ ಅಮ್ಮ ತೀರಿಹೋದ ಮೇಲೂ ಆ ವಾರವೆಲ್ಲ ನಾನು ಫೋನ್ ಮಾಡಿದಾಗ "ಅಮ್ಮ ಮಲಗಿದ್ದಾರೆ" ಎನ್ನುತ್ತಿದ್ದೆ ನೀನು. ಟಿಕೆಟ್ ಸಿಗದೆ ನಾನಿಲ್ಲಿ ಒಬ್ಬಳೇ ಒದ್ದಾಡುತ್ತೇನೆಂದು ನೀನು ಮುಚ್ಚಿಟ್ಟೆ, ಗೊತ್ತು. ಅದೇ ವಾರ ಇಲ್ಲಿ ಅಜ್ಜಿಯ ಹುಟ್ಟುಹಬ್ಬ. ನಾನು ಹೊಸ ಸೀರೆ ಉಟ್ಟು ನಗುತ್ತಿರುವ ಫೋಟೋ ಕಳಿಸಿ, ಅಮ್ಮನಿಗೆ ತೋರಿಸು ಎಂದಿದ್ದೆ. ತೋರಿಸಿದೆ, ಖುಷಿಪಟ್ಟರು ಎಂದು ನೀನು ಬರೆದೆ.