ಅಂಗಿಯ ವಾಸನೆ

ಫೆಬ್ರವರಿ ೨೧, ಶನಿವಾರ. ಕುಂಡಯಿ, ಗೋವಾ.

ಇವತ್ತು ನಾನು ಕುಡಿಯಲಿಲ್ಲ. ಹೆಂಡತಿ ಹುಲಿಗೆವ್ವ ನಂಬಲಿಲ್ಲ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಫ್ಯಾಕ್ಟರಿ ಬಿಟ್ಟಾಗ ಜೊತೆಗಾರ ಗುರುಲಿಂಗ ಬಾರಿನ ಮುಂದೆ ಬಿದ್ದಿದ್ದ. ಎಬ್ಬಿಸಿ, ಹೆಗಲು ಕೊಟ್ಟು ಅವನ ಖೋಲಿಗೆ ಮುಟ್ಟಿಸಿದೆ. ದಾರಿಯಲ್ಲಿ ಕೈಯಲ್ಲಿದ್ದ ಫೆನಿ ಸಾರಾಯಿಯನ್ನು ನನ್ನ ಅಂಗಿಯ ಮೇಲೆಲ್ಲ ಚೆಲ್ಲಿದ. ಉಳಿದದ್ದನ್ನು ಬಾಟಲಿ ಸಮೇತ ಕಸಿದು ನನ್ನ ಚೀಲಕ್ಕೆ ಹಾಕಿಕೊಂಡೆ. ಅವನು ಕುಡಿಯಬಾರದೆಂದು ಮಾತ್ರ.

ನಮ್ಮ ಖೋಲಿಯ ಬಾಗಿಲಲ್ಲೇ ಹುಲಿಗೆವ್ವ ಮೂಸಿ ನೋಡಿದಳು. “ಚರ್ಚಿನ್ಯಾಗ ದೀಕ್ಷಾಸ್ನಾನ ಆಗಿ ವರ್ಷಾ ತುಂಬಿಲ್ಲ, ಮತ್ತ ಚಾಲೂ ಮಾಡಿದ್ರೇನ್ರಿ?”

“ಇದು ಗುರುಲಿಂಗಂದು.”

“ಯಾವತ್ತೂ ಬ್ಯಾರೇದವರದ ಇರತೈತ್ರಿ.”

ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು.

ಬಾರಿನ ಮುಂದೆ ನನಗೆ ಆಸೆ ಆಗಿರಲಿಲ್ಲ. ಶೋಧನೆ, ಆ ಆಸೆಯ ಸೆಳೆತ, ಈಗ ಬಂತು. ಹೇಗೂ ಕುಡಿದವನೆಂದಾಯಿತು, ಇನ್ನು ಕುಡಿದರೇನು? ಸೈತಾನ ಇಷ್ಟು ನ್ಯಾಯವಾಗಿ ಮಾತಾಡುತ್ತಾನೆಂದು ಪಾಸ್ಟರ್ ಹೇಳಿರಲಿಲ್ಲ. ಪ್ರಾರ್ಥನೆಗೆ ಕಣ್ಣು ಮುಚ್ಚಿದೆ. ಮೂಗು ತೆರೆದೇ ಇತ್ತು.

ಕೊನೆಗೆ ಎದ್ದು ಬಾಟಲಿಯನ್ನು ಬಚ್ಚಲಿಗೆ ಸುರಿದೆ. ಖೋಲಿಯೆಲ್ಲ ವಾಸನೆ ತುಂಬಿತು.

“ಮುಗೀತೇನ್ರಿ ಕುಡಿಯೂದು?” ಎಂದಳು, ತಿರುಗಿ ನೋಡದೆ.

“ಮುಗೀತು” ಎಂದೆ. ವಾದಿಸಲು ಕಸುವಿಲ್ಲ.

ಯೇಸುವೇ, ನೀನು ನೋಡಿದೆಯಲ್ಲ, ಅಷ್ಟು ಸಾಕು ಎನ್ನಬೇಕು. ಎನ್ನಲಾರೆ. ಅವಳೂ ಒಮ್ಮೆ ತಿರುಗಿ ನೋಡಿದ್ದರೆ ಸಾಕಿತ್ತು.